ಇಟ್ಟಿಗೆ ಗೂಡಿನವರೆಗೆ ಬಂದ ನೀರು

ಪತ್ರ ಬರೆದವನನ್ನು ಇವತ್ತು ಹಿಡಿಯಲೇಬೇಕು ಎಂದು ಸಂಘದ ಅಧ್ಯಕ್ಷರು ಬೆಳಿಗ್ಗೆ ಏಳು ಗಂಟೆಗೆ ಫೋನು ಮಾಡಿ ಹೇಳಿದ್ದು ಆ ಪತ್ರ ಬರೆದವನಿಗೇ. ಅವನು ಮುಖಕ್ಕೆ ಸೋಪು ಹಚ್ಚಿಕೊಂಡು ಕನ್ನಡಿಯ ಮುಂದೆ ನಿಂತಿದ್ದ. ನೊರೆ ಅಂಟದಂತೆ ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದು, ಕತ್ತು ವಾರೆ ಮಾಡಿಕೊಂಡು "ಹೂಂ, ಹೂಂ" ಎನ್ನುತ್ತಿದ್ದ. "ನೀವು ಬರ್ಲೇಬೇಕು ಸಾರ್. ನೀವಿದ್ರೆ ಯಾರೂ ಬಾಯಿಗೆ ಬಂದಂಗೆ ಮಾತಾಡಲ್ಲ. ನಮ್ಮ ನಮ್ಮಲ್ಲೇ ನ್ಯಾಯ ಮಾಡ್ಕೊಂಡ್ರೆ ಅದು ಜಗಳ ಆಗುತ್ತೆ," ಎಂದರು ಅಧ್ಯಕ್ಷರು. ಹನ್ನೊಂದಕ್ಕೆ ಬರುತ್ತೇನೆಂದು ಹೇಳಿ ಫೋನನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟ. ಕನ್ನಡಿಯಲ್ಲಿ ಅರ್ಧ ಮುಖ ಬೋಳಾಗಿತ್ತು, ಇನ್ನರ್ಧ ಬೆಳ್ಳಗಿತ್ತು. ಅಡಿಗೆಮನೆಯಿಂದ ಹೆಂಡತಿ, "ಏನಂತೆ, ಪತ್ರ ಬರ್ದೋರು ಸಿಕ್ಕಿದ್ರಂತಾ?" ಎಂದು ಕೂಗಿ ಕೇಳಿದಳು. ಬ್ಲೇಡು ಹಿಡಿದ ಕೈ ನಿಂತಿತು. ಇವಳಿಗೆ ಪತ್ರದ ವಿಷಯ ಹೇಗೆ ಗೊತ್ತು? ಯಾರು ಹೇಳಿದರು? ಕೆನ್ನೆಯ ಮೇಲೆ ನೊರೆ ಒಣಗುತ್ತಿರುವಾಗ ನೆನಪಾಯಿತು: ಮೊನ್ನೆ ಊಟಕ್ಕೆ ಕೂತಾಗ ಅವನೇ ಹೇಳಿದ್ದ, ಅದೂ ಯಾರೋ ಮೂರನೆಯವರ ಸುದ್ದಿ ಹೇಳುವಂತೆ, "ಯಾರೋ ಹೊಟ್ಟೆಕಿಚ್ಚಿನವರ ಕೆಲಸ" ಎಂದು ಒಂದು ಮಾತು ಸೇರಿಸಿ. "ಇನ್ನೂ ಇಲ್ಲ," ಎಂದು ಉತ್ತರ ಕೊಟ್ಟ. ಹೆಂಡತಿ ಮುಂದೆ ಏನೂ ಕೇಳಲಿಲ್ಲ. ಯಾಕೆ ಕೇಳಲಿಲ್ಲ ಎಂಬುದೂ ಅವನನ್ನು ಕೊರೆಯತೊಡಗಿತು.

ಜೌಗನ್ನು ಉಳಿಸಿಕೊಳ್ಳಲು ಊರಿನವರು ಕಟ್ಟಿಕೊಂಡ ಸಂಘಗಳಿಗೆ ಬೆನ್ನಿಗೆ ನಿಲ್ಲುವುದು ಅವನ ಉದ್ಯೋಗ. ನೌಕರಿಯ ಕಾಗದದಲ್ಲಿ ಅದಕ್ಕೆ ದೊಡ್ಡ ಹೆಸರಿತ್ತು. ಅವನು ಮಾತ್ರ ಯಾರಾದರೂ ಕೇಳಿದರೆ, "ಅವರು ಮಾಡೋದನ್ನ ಬರೆದಿಡೋಕೆ ಕಲಿಸ್ತೀನಿ," ಎನ್ನುತ್ತಿದ್ದ. ಒಂಬತ್ತು ವರ್ಷದ ಹಿಂದೆ ಮೊದಲ ಸಲ ಬಂದಾಗ ಈ ಸಂಘ ಎಂದರೆ ಏಳೆಂಟು ಜನ ಏರಿಯ ಮೇಲೆ ಕೂತು ಬೈಗುಳ ಹಂಚಿಕೊಳ್ಳುವುದಷ್ಟೇ ಆಗಿತ್ತು. ಅವನು ನೀರಿಗೆ ಅಳತೆಕೋಲು ನೆಡಿಸಿದ, ಹಕ್ಕಿ ಎಣಿಸಲು ಕಲಿಸಿದ, ದಪ್ಪ ರಟ್ಟಿನ ರಿಜಿಸ್ಟರು ತಂದುಕೊಟ್ಟ. ಯಾರಾದರೂ "ಬಾತು ಇನ್ನೂರು" ಎಂದರೆ, "ಇನ್ನೂರಾ, ನೂರಾ ತೊಂಬತ್ತೆಂಟಾ?" ಎಂದು ಕೇಳುತ್ತಿದ್ದ. ಅದಕ್ಕೇ ಅವನಿಗೆ ರಿಜಿಸ್ಟರ್ ಸಾರ್ ಎಂದು ಹೆಸರು ಬಿತ್ತು. ಅದಕ್ಕೂ ಮೊದಲು ನಗರದ ನೀರು ಸರಬರಾಜಿನ ಪ್ರಯೋಗಾಲಯದಲ್ಲಿ ಕುಡಿಯುವ ನೀರು ಪರೀಕ್ಷಿಸುವ ಕೆಲಸದಲ್ಲಿದ್ದಾಗ ಅಲ್ಲಿನ ಮುಖ್ಯಸ್ಥರು ಹೇಳುತ್ತಿದ್ದರು: "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ನಿನಗೆ ಆ ಗುಣ ಹುಟ್ಟಿನಿಂದಲೇ ಬಂದಿದೆ ಕಣಯ್ಯ." ಅವತ್ತು ಅದನ್ನು ಹೊಗಳಿಕೆ ಎಂದುಕೊಂಡು ಮನೆಗೆ ಬಂದು ಹೆಂಡತಿಗೆ ಹೇಳಿದ್ದ. "ಅವರೇನು ನಿಮ್ಮ ಜೊತೆ ಸಂಸಾರ ಮಾಡ್ಬೇಕಾ, ಹೇಳ್ತಾರೆ," ಎಂದಿದ್ದಳು ಅವಳು.

ಬೈಕು ಏರಿಯ ಮೇಲೆ ಬಂದಾಗ ಬಿಸಿಲು ಚುರುಗುಟ್ಟುತ್ತಿತ್ತು. ಎಡಕ್ಕೆ ನೀರು ಸೊರಗಿ ಹಿಂದೆ ಸರಿದು ಕೆಸರಿನ ಮೇಲೆ ಬಿರುಕು ಬಿಟ್ಟಿತ್ತು. ದೂರದಲ್ಲಿ ಚಾಪೆಹುಲ್ಲಿನ ಹಸಿರು. ಬಲಕ್ಕೆ ಮೋರಿಯ ಪಕ್ಕದಲ್ಲಿ ಹೊಸ ಗುರುತುಕಲ್ಲು, ತಲೆಗೆ ಕೆಂಪು ಬಣ್ಣ ಬಳಿಸಿಕೊಂಡು ನಿಂತಿತ್ತು. ಮೋರಿಯಿಂದಾಚೆ ಪಾಳುಬಿದ್ದ ಇಟ್ಟಿಗೆ ಗೂಡಿನವರೆಗೆ ನೂರಿಪ್ಪತ್ತು ಎಕರೆ. ಮೊದಲ ಸರ್ವೆಯಲ್ಲಿ ಅದೆಲ್ಲ ಜೌಗಿನ ಒಳಗೇ ಇತ್ತು; ಮರುಸರ್ವೆಯಲ್ಲಿ ಹೊರಗೆ ಬಿತ್ತು. ಈಗಲೇ ಎರಡು ಲಾರಿಗಳು ಅಲ್ಲಿ ಬೆನ್ನೆತ್ತಿ ಮಣ್ಣು ಸುರಿಯುತ್ತಿದ್ದವು. ಗೂಡಿನ ಮಾಲೀಕ ಸೈಟು ಮಾಡಿ ಮಾರುತ್ತಾನಂತೆ. ರಿಜಿಸ್ಟರ್ ಸಾರ್ ಲಾರಿಗಳತ್ತ ನೋಡದೆ ಎದುರಿಗಿದ್ದ ಕಾವಲು ಅಟ್ಟಣೆಯನ್ನು ನೋಡಿದ; ನೋಡಬಾರದಿತ್ತು ಎನ್ನಿಸಿತು. ಮೊದಲ ಸರ್ವೆಯ ದಿನ ಅಟ್ಟಣೆಯ ಮೇಲೆ ಅವನೊಬ್ಬನೇ ಇದ್ದ. ದುರ್ಬೀನು ಹಿಡಿದು ಕೊಕ್ಕರೆ ಎಣಿಸುತ್ತಿದ್ದಾಗ ಗಾಜಿನ ಗುಂಡಗಿನ ಬೆಳಕಿನೊಳಗೆ ಚಾಪೆಯಕ್ಕ ನಡೆದುಬಂದಳು. ಜೊಂಡು ಕೊಯ್ದು ಚಾಪೆ ಹೆಣೆಯುವವಳು, ಐವತ್ತರ ಆಸುಪಾಸಿನ ವಿಧವೆ, ಸಂಘದಲ್ಲಿ ಎಲ್ಲರಿಗಿಂತ ಕಡಿಮೆ ಮಾತಿನವಳು. ಅವಳ ಹಿಂದೆ ಮುಂದೆ ಸರ್ವೆಯವರು. ಅವಳು ಕೈ ಚಾಚಿ ಏನೋ ತೋರಿಸುತ್ತಿದ್ದಳು, ಅವರು ಬರೆದುಕೊಳ್ಳುತ್ತಿದ್ದರು. ಯಾರೋ ಏನೋ ಅಂದರು. ಅವಳು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಆಮೇಲೆ ಜೀಪು ಹತ್ತಿ ಅವರ ಜೊತೆಗೇ ಹೋದಳು. ಅಷ್ಟೇ ಅವನು ನೋಡಿದ್ದು. ಮಾತು ಕೇಳಿಸಿರಲಿಲ್ಲ. ಕೈ ಯಾವ ಕಡೆಗೆ ಚಾಚಿತ್ತು ಎಂಬುದನ್ನೂ ಗಮನಿಸಿರಲಿಲ್ಲ. ಕಣ್ಣಿಗೆ ಕಂಡದ್ದು ಆ ನಗು ಮಾತ್ರ. ಒಂಬತ್ತು ವರ್ಷದಲ್ಲಿ ತನ್ನ ಎದುರಿಗೆ ಒಮ್ಮೆಯೂ ಹಾಗೆ ನಕ್ಕವಳಲ್ಲ. ಮಾರನೆಯ ದಿನ, "ಏನಕ್ಕ, ಸರ್ವೆಯವರು ಬಂದಿದ್ರಂತೆ?" ಎಂದು ಗಾಳ ಹಾಕಿದ್ದ. "ಹೂಂ ಸಾರ್, ದಾರಿ ತೋರಿಸ್ದೆ," ಎಂದಿದ್ದಳು. ದಾರಿ! ಅಂಗೈಯಂಥ ಬಯಲಿನಲ್ಲಿ ಸರ್ವೆಯವರಿಗೆ ಎಂಥ ದಾರಿ?

ಎರಡು ದಿನ ಅನ್ನ ರುಚಿಸಲಿಲ್ಲ. ಮೂರನೆಯ ದಿನ ಕಚೇರಿಯಲ್ಲಿ ಎಲ್ಲರೂ ಊಟಕ್ಕೆ ಎದ್ದ ಮೇಲೆ ಟೈಪು ಮಾಡಿದ. ಸಂಘಗಳ ಒಳಗಿನ ವಿಷಯಕ್ಕೆ ನೌಕರರು ಕೈಹಾಕಬಾರದು ಎಂಬ ನಿಯಮವಿತ್ತು. ಅದಕ್ಕಾಗಿಯೇ ಸಹಿ ಹಾಕಲಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಸ್ಥಳೀಯ ಮಹಿಳೆಯೊಬ್ಬರು ತೋರಿಸಿದ ನೀರಿನ ಎಲ್ಲೆಯನ್ನು ನಂಬಬಾರದು, ಸಂಘದ ರಿಜಿಸ್ಟರಿನಲ್ಲಿ ಒಂಬತ್ತು ವರ್ಷದ ನೀರಳತೆ ಇದೆ, ಅದರ ಪ್ರಕಾರ ಮತ್ತೆ ಅಳೆಯಬೇಕು. ಕೆಳಗೆ "ಇಂತಿ, ಜೌಗಿನ ಹಿತೈಷಿ." ಹಿತೈಷಿ ಎಂದು ಟೈಪು ಮಾಡುವಾಗ ಕಣ್ಣಂಚು ಒದ್ದೆಯಾಗಿತ್ತು. ಒಂದು ತಿಂಗಳಿಗೆ ಸರ್ವೆಯವರು ಮತ್ತೆ ಬಂದರು. ರಿಜಿಸ್ಟರು ಕೇಳಿದರು. ಅಧ್ಯಕ್ಷರು ಹೆಮ್ಮೆಯಿಂದ ಒಂಬತ್ತೂ ಸಂಪುಟಗಳನ್ನು ಬಟ್ಟೆಯಲ್ಲಿ ಒರೆಸಿ ಕೊಟ್ಟರು. ಒಂಬತ್ತು ವರ್ಷದಲ್ಲಿ ನೀರು ಒಮ್ಮೆಯೂ ಮೋರಿ ದಾಟಿರಲಿಲ್ಲ. ಅವನದೇ ಅಂಕಿ, ಅವನದೇ ಅಕ್ಷರ. ಚಾಪೆಯಕ್ಕ ಮೊದಲ ಸಲ ತೋರಿಸಿದ್ದು ಇಟ್ಟಿಗೆ ಗೂಡನ್ನು ಎಂಬುದು ಅವನಿಗೆ ಗೊತ್ತಾದದ್ದು ಗೂಡಿನ ಬಳಿಯ ಕಲ್ಲನ್ನು ಕಿತ್ತು ಮೋರಿಯ ಬಳಿ ನೆಟ್ಟ ದಿನ. ಅವಳು ಜೌಗನ್ನು ಮಾರಿಕೊಂಡಿದ್ದಾಳೆ ಎಂದುಕೊಂಡು ಅವನು ಬರೆದಿದ್ದ. ಅವಳು ಅದನ್ನು ಹಿಗ್ಗಿಸಿ ಕೊಟ್ಟಿದ್ದಳು. ಆ ದಿನವೂ ಅವನ ಮನಸ್ಸಿನಲ್ಲಿ ಮೊದಲು ಎದ್ದದ್ದು ಪಶ್ಚಾತ್ತಾಪವಲ್ಲ. ಹಾಗಾದರೆ ಇವಳು ಹೇಳಿದ್ದಂತೂ ನಿಜವಲ್ಲ, ಯಾಕೆ ಹೇಳಿದಳು, ಇವಳಿಗೇನು ಲಾಭ? ಇದು ಮೊದಲು ಎದ್ದದ್ದು.

ಸಂಘದ ಶೆಡ್ಡಿನಲ್ಲಿ ಹನ್ನೊಂದು ಜನ ಸೇರಿದ್ದರು. ತಗಡಿನ ಮಾಡು ಕಾದು ಟಪಟಪ ಅನ್ನುತ್ತಿತ್ತು. ಅಧ್ಯಕ್ಷರು ಅವನಿಗೆಂದು ಹಿಡಿಯಿರುವ ಒಂದೇ ಒಂದು ಕುರ್ಚಿಯನ್ನು ಎಳೆದು ಕೊಟ್ಟರು. ಅವರು ನಲವತ್ತು ವರ್ಷ ಪೋಸ್ಟಾಫೀಸಿನಲ್ಲಿದ್ದವರು. ಪತ್ರದ ಜೆರಾಕ್ಸನ್ನು ಸರ್ವೆ ಕಚೇರಿಯಿಂದ ಹೇಗೋ ದಕ್ಕಿಸಿಕೊಂಡು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತಂದಿದ್ದರು, ಜೊತೆಗೆ ಲಕೋಟೆಯದ್ದೂ ಒಂದು. "ಕೈಬರಹ ಆಗಿದ್ರೆ ಕಣ್ಣು ಮುಚ್ಚಿ ಹೇಳ್ತಿದ್ದೆ," ಎಂದರು. "ಬುದ್ಧಿವಂತ, ಟೈಪ್ ಮಾಡಿದಾನೆ. ಆದ್ರೆ ಕಳ್ಳ ಎಷ್ಟೇ ಬುದ್ಧಿವಂತ ಆದ್ರೂ ಪೋಸ್ಟಿನ ಮುದ್ರೆಯಿಂದ ತಪ್ಪಿಸ್ಕೊಳ್ಳೋಕಾಗಲ್ಲ. ನೋಡ್ರಿ, ಪೇಟೆ ಮಾರ್ಕೆಟ್ಟಿನ ಡಬ್ಬದಲ್ಲಿ ಹಾಕಿದ್ದು. ಮಂಗಳವಾರ. ಮಂಗಳವಾರ ನಮ್ಮಲ್ಲಿ ಮಾರ್ಕೆಟ್ಟಿಗೆ ಹೋಗೋರು ಯಾರು?" ಎಲ್ಲರ ಕಣ್ಣೂ ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತಿದ್ದ ಬಾತಿನವನ ಕಡೆ ತಿರುಗಿದವು. ಬಾತುಕೋಳಿ ಸಾಕುವವನು, ಮೂವತ್ತೈದು ದಾಟಿರದ ಆಳು. ಮಂಗಳವಾರ ಮೊಟ್ಟೆ ಮಾರಲು ಪೇಟೆಗೆ ಹೋಗುತ್ತಿದ್ದ. ರಿಜಿಸ್ಟರ್ ಸಾರ್ ಲಕೋಟೆಯ ಜೆರಾಕ್ಸಿನ ಮೇಲಿನ ಮುದ್ರೆಯನ್ನು ನೋಡಿದ. ಕಚೇರಿಯ ಹತ್ತಿರದ ಡಬ್ಬ ಬೇಡವೆಂದು ಮಾರ್ಕೆಟ್ಟಿನವರೆಗೆ ಹೋಗಿ, ಸೊಪ್ಪಿನವಳ ಪಕ್ಕದ ಕೆಂಪು ಡಬ್ಬದ ಬಾಯಿಗೆ ಲಕೋಟೆ ತುರುಕಿ, ಅದು ಒಳಗೆ ಬಿದ್ದ ಸದ್ದು ಕೇಳಿಸುವವರೆಗೆ ನಿಂತಿದ್ದು ನೆನಪಾಯಿತು.

"ನನಗ್ಯಾಕ್ರಪ್ಪ ಬೇಕಿತ್ತು?" ಎಂದ ಬಾತಿನವನು, ನಗುತ್ತಲೇ, ಇನ್ನೂ ತಮಾಷೆ ಇದ್ದೀತು ಎಂಬಂತೆ.

"ಗೂಡಿನ ಪಕ್ಕ ನಿನ್ನ ಜಮೀನಿದೆ. ಗೆರೆ ಒಳಗಿದ್ರೆ ಅದು ಕಾಸಿಗೆ ಬಾಳಲ್ಲ, ಹೊರಗೆ ಬಂದ್ರೆ ಚಿನ್ನ," ಎಂದರು ಅಧ್ಯಕ್ಷರು.

"ಜಮೀನಾ? ನಾಲ್ಕು ಬಾತು ನಿಂತ್ರೆ ಐದನೇದು ಬೇರೆಯವರ ಹೊಲದಲ್ಲಿರುತ್ತೆ! ಈಗ ಲಾರಿ ಮಣ್ಣು ಬಿದ್ದಿರೋದು ನನ್ನ ಬಾತು ಮೇಯೋ ಜಾಗಕ್ಕೆ. ನನ್ನ ಹೊಟ್ಟೆ ಮೇಲೆ ನಾನೇ ಹೊಡ್ಕೊಳ್ತೀನಾ?"

"ಪತ್ರದಲ್ಲಿ 'ನೀರಳತೆ' ಅಂತಿದೆ. ಇದು ಹೊರಗಿನವರ ಮಾತಲ್ಲ. ಸಂಘದೊಳಗಿನ ಮಾತು."

"ಓದೋಕೇ ತಡವರಿಸ್ತೀನಿ, ಟೈಪ್ ಮಾಡ್ತೀನಾ?"

"ಮಾಡಿಸಿರ್ತೀಯ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೋತಿದೀಯಲ್ಲ!"

ಯಾರೋ ಕಿಸಕ್ಕೆಂದರು. ಬಾತಿನವನ ಮುಖದ ನಗು ಆಗ ಹೋಯಿತು. ಎದ್ದು ನಿಂತು, ಅಧ್ಯಕ್ಷರನ್ನು ಬಿಟ್ಟು, ಕುರ್ಚಿಯ ಕಡೆ ತಿರುಗಿದ. "ಸಾರ್, ನೀವಾದ್ರೂ ಹೇಳಿ. ಒಂಬತ್ತು ವರ್ಷದಿಂದ ನೋಡ್ತಿದೀರಿ. ನಾನು ಇಂಥವ್ನಾ?" ಶೆಡ್ಡು ಕಿವಿಗೊಟ್ಟು ಕೂತಿತು. ಆ ಕ್ಷಣದಲ್ಲಿ ಬಾಯಿ ತೆರೆದರೆ ಸಾಕಿತ್ತು. ನಾಲಗೆಯ ತುದಿಗೆ ಮಾತು ಬಂದೂ ಇತ್ತು, ಆದರೆ ಅದಕ್ಕಿಂತ ಮುಂಚೆ ಇನ್ನೊಂದು ಮಾತು, ಎಷ್ಟೋ ಸಭೆಗಳಲ್ಲಿ ಆಡಿ ಆಡಿ ನಯವಾದ ಮಾತು, ತಾನೇ ತಾನಾಗಿ ಜಾರಿ ಹೊರಗೆ ಬಿತ್ತು: "ಆತುರ ಬೇಡ. ಎಲ್ಲಾ ಕಡೆಯಿಂದ ವಿಚಾರ ಮಾಡೋಣ." ಬಾತಿನವನು ಅವನನ್ನೇ ನೋಡಿದ. ಹೊಡೆದಿದ್ದರೂ ಮುಖ ಹಾಗಾಗುತ್ತಿರಲಿಲ್ಲ. ಕೊರಳಿಗೆ ನೇತುಹಾಕಿಕೊಂಡಿದ್ದ ಸಂಘದ ಗುರುತಿನ ಚೀಟಿಯನ್ನು ತಲೆಯ ಮೇಲಿಂದ ತೆಗೆದ. ದಾರ ಕಿವಿಗೆ ಸಿಕ್ಕಿಕೊಂಡಿತು, ಬಿಡಿಸಿಕೊಳ್ಳಲು ಒಂದೆರಡು ಗಳಿಗೆ ಹಿಡಿಯಿತು, ಎಲ್ಲರೂ ಅದನ್ನು ಸುಮ್ಮನೆ ನೋಡಿದರು. ಚೀಟಿಯನ್ನು ಮೇಜಿನ ಮೇಲಿಟ್ಟು ಚಪ್ಪಲಿ ಮೆಟ್ಟಿಕೊಂಡು ಹೋದ.

ಅವನ ಸೈಕಲ್ಲಿನ ಸದ್ದು ಏರಿಯ ಮೇಲೆ ಕರಗಿದ ಮೇಲೆ ರಿಜಿಸ್ಟರ್ ಸಾರ್ ಹೇಳಿದ: "ಪತ್ರ ಬರ್ದಿದ್ದು ನಾನು."

ಮೊದಲು ಯಾರಿಗೂ ಕೇಳಿಸಲಿಲ್ಲವೇನೋ. ಇನ್ನೊಮ್ಮೆ ಹೇಳಿದ. ಆಗ ಅಧ್ಯಕ್ಷರು ಎದ್ದು ಬಂದು ಅವನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣು ತೇವವಾಗಿತ್ತು. "ನೋಡ್ರಪ್ಪ! ಸಂಘ ಒಡೀಬಾರ್ದು ಅಂತ ಎಂಥ ಮಾತಾಡಿದ್ರು ನೋಡಿ! ತಪ್ಪನ್ನ ತಮ್ಮ ತಲೆ ಮೇಲೆ ಹಾಕ್ಕೊಳ್ತಿದಾರೆ." "ಇಲ್ಲ, ನಿಜವಾಗ್ಲೂ ನಾನೇ. ಕಚೇರಿಲಿ ಕೂತು ಟೈಪ್ ಮಾಡ್ದೆ," ಎಂದ. "ಆಯ್ತು ಸಾರ್, ನೀವೇ ಅಂತಿಟ್ಕೊಳ್ಳಿ. ಟೀ ಕುಡೀರಿ ಮೊದ್ಲು." ಹಿಂದಿನಿಂದ ಒಬ್ಬರು, ಸಾರ್ ಯಾರನ್ನೋ ಕಾಪಾಡ್ತಿದಾರೆ, ಬಾತಿನವನ ಜೊತೆ ಇನ್ನೂ ಯಾರೋ ಇರಬೇಕು ಎಂದು ಪಿಸುಗುಟ್ಟಿದರು. ಆ ಪಿಸುಮಾತು ಶೆಡ್ಡಿನ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಹೋಗುವಷ್ಟರಲ್ಲಿ ಪಕ್ಕಪಕ್ಕದವರು ಒಬ್ಬರನ್ನೊಬ್ಬರು ವಾರೆಗಣ್ಣಿನಲ್ಲಿ ನೋಡತೊಡಗಿದರು. ಗಾಜಿನ ಲೋಟದಲ್ಲಿ ಟೀ ಬಂತು. ಕುಡಿದ. ಬಿಸಿ ಗಂಟಲಲ್ಲಿ ಇಳಿಯುವಾಗ ತನ್ನೊಳಗೆ ಇನ್ನೂ ಒಂದು ಇಳಿಯುತ್ತಿರುವುದು ತಿಳಿಯಿತು: ನಿರಾಳ. ಹೇಳಿದ್ದೂ ಆಯಿತು, ಸಿಕ್ಕಿಬೀಳದಿದ್ದದ್ದೂ ಆಯಿತು. ಆ ನಿರಾಳವನ್ನು ಉಗಿಯಬೇಕೆನಿಸಿತು. ಆದರೆ ಲೋಟ ಖಾಲಿಯಾಗುವವರೆಗೂ ಅದು ಹೋಗಲಿಲ್ಲ.

ಚಾಪೆಯಕ್ಕ ಸಭೆಯಲ್ಲಿ ತುಟಿ ಬಿಚ್ಚಿರಲಿಲ್ಲ. ಅವನು ಬೈಕಿನ ಬಳಿ ಬಂದಾಗ ಶೆಡ್ಡಿನ ನೆರಳಲ್ಲಿ ಕೂತು ಜೊಂಡನ್ನು ಉದ್ದ ಬೇರೆ ಗಿಡ್ಡ ಬೇರೆ ಮಾಡುತ್ತಿದ್ದಳು. ಬೀಗದ ಕೈ ಹುಡುಕುವವನಂತೆ ಜೇಬು ತಡಕಾಡಿದ.

"ಅಕ್ಕ, ಒಳಗೆ ನಾನು ಹೇಳಿದ್ದು ನಿಜ."

"ಗೊತ್ತು."

"ಹೇಗೆ ಗೊತ್ತು?"

"ಅವತ್ತು ಅಟ್ಟಣೆ ಮೇಲೆ ದುರ್ಬೀನಿನ ಗಾಜು ಮಿಂಚಿತು. ನೀವೇ ಇರ್ಬೇಕು ಅಂತ ಕೈ ಬೀಸಿದೆ. ನೀವು ಬೀಸ್ಲಿಲ್ಲ." ಒಂದು ಹಿಡಿ ಜೊಂಡನ್ನು ನೆಲಕ್ಕೆ ತಟ್ಟಿ ಬುಡ ಸರಿಮಾಡಿದಳು. "ಮಾರನೇ ದಿನ ಬಂದು ಕೇಳಿದ್ರಲ್ಲ, ಅದು ಕೇಳೋ ರೀತಿ ಇರ್ಲಿಲ್ಲ ಸಾರ್. ಅದಕ್ಕೇ ನಾನೂ ದಾರಿ ಅಂದೆ. ಸರಿಯಾಗಿ ಕೇಳಿದ್ರೆ ಹೇಳ್ತಿರ್ಲಿಲ್ವಾ?"

ಕ್ಷಮಿಸಿ ಎಂಬ ಮಾತು ಅಲ್ಲಿ ತೀರಾ ಗಿಡ್ಡವಾಗಿ ಕಂಡಿತು. ಅವಳು ಅವನ ಉತ್ತರಕ್ಕೆ ಕಾಯಲೂ ಇಲ್ಲ. ತಾನು ಮದುವೆಯಾಗಿ ಬಂದ ಎರಡನೆಯ ವರ್ಷ, ಇಪ್ಪತ್ತೇಳು ವರ್ಷದ ಹಿಂದೆ, ದೊಡ್ಡ ನೀರು ಬಂದಿತ್ತು ಎಂದಳು. ಮೋರಿ ಮುಳುಗಿ ಎಲ್ಲಿದೆ ಎಂದೇ ತಿಳಿಯುತ್ತಿರಲಿಲ್ಲ. ಆಗ ಗೂಡು ಉರಿಯುತ್ತಿತ್ತು. ನೀರು ಗೂಡಿನೊಳಗೆ ನುಗ್ಗಿದಾಗ ಕಾದ ಇಟ್ಟಿಗೆಗಳು ಬುಸುಗುಟ್ಟಿದ ಸದ್ದು ಊರಿಗೆಲ್ಲ ಕೇಳಿಸಿತು. ಹಬೆಯಲ್ಲಿ ಆಚೆಯ ದಡ ಕಾಣಲಿಲ್ಲ. ಹನ್ನೊಂದು ದಿನ ಗೂಡಿನ ಮೂರನೆಯ ಮೆಟ್ಟಿಲಿಗೆ ನೀರು ನಿಂತಿತ್ತು. ಅವಳ ಅತ್ತೆ ದೋಣಿಯನ್ನು ಅಲ್ಲಿಗೆ ಕಟ್ಟಿ ಜೊಂಡು ಒಣಗಿಸಿದ್ದರು. "ಹೆದರ್ಕೊಂಡು, 'ಅತ್ತೆ, ಇದೇನು ಹೀಗೆ ಬಂತು?' ಅಂದೆ. ಅವರು, 'ಏನಿಲ್ವೇ, ತನ್ನ ಮನೆ ಎಲ್ಲೀವರೆಗಿದೆ ಅಂತ ನೋಡ್ಕೊಂಡು ಹೋಗೋಕೆ ಬಂದಿದೆ' ಅಂದ್ರು. ಅದನ್ನೇ ಸರ್ವೆಯವರಿಗೆ ಹೇಳ್ದೆ. ಅವರಲ್ಲೊಬ್ಬ, 'ನಿಮ್ಮತ್ತೆ ನಮ್ಮ ಸಾಹೇಬ್ರಾಗ್ಬೇಕಿತ್ತು' ಅಂದ. ನಗು ಬಂತು."

ಅದೇ ಆ ನಗು. ಅವನ ಕಿವಿ ಸುಟ್ಟಿತು. ಆದರೂ, ನಾಚಿಕೆಯ ನಡುವೆಯೇ, ಬಾಯಿಂದ ಹೊರಬಿದ್ದದ್ದು ಹಳೆಯ ಚಟ: "ಬೇರೆ ಯಾರಾದ್ರೂ ನೋಡಿದವರಿದಾರಾ ಅಕ್ಕ?" ಅವಳು ತಲೆಯೆತ್ತಿ ಅವನನ್ನು ದಿಟ್ಟಿಸಿ ನೋಡಿದಳು. ನೂರಾ ತೊಂಬತ್ತೆಂಟಾ ಎಂದು ಕೇಳಿಸಿಕೊಂಡವರು ನೋಡುವಂತೆ. "ಎಷ್ಟೋ ಜನ ನೋಡಿದ್ರು. ಊರು ಬಿಟ್ಟೋರು ಬಿಟ್ರು, ಸತ್ತೋರು ಸತ್ರು. ನಮ್ಮಲ್ಲಿ ಉಳಿದಿದ್ದು ನಾನು, ಇನ್ನೊಬ್ಬ. ಅವನಿಗೆ ಆಗ ಎಂಟು ವರ್ಷ. ಅವನ ಅಪ್ಪನ ಬಾತೆಲ್ಲ ಗೂಡಿನ ತಲೆ ಮೇಲೆ ಹತ್ತಿ ಕೂತಿದ್ವು. ಒಂದೊಂದಾಗಿ ಅವನೇ ಇಳಿಸಿದ್ದ." ಜೊಂಡಿನ ಕಟ್ಟನ್ನು ತಲೆಗೇರಿಸಿಕೊಂಡಳು. "ಈಗಷ್ಟೇ ಚೀಟಿ ಇಟ್ಟು ಹೋದ್ನಲ್ಲ, ಅವನೇ."

ಮಾರನೆಯ ದಿನ ಬಾತಿನವನ ಮನೆಗೆ ಹೋದ. ಅಂಗಳದ ತುಂಬ ಬಾತುಗಳು ಅವನ ಕಾಲಿಗೆ ತೊಡರುತ್ತ, ಕತ್ತು ಮುಂದೆ ಚಾಚಿ ಬೈಯುತ್ತಿದ್ದವು. ಎಲ್ಲವನ್ನೂ ಹೇಳಿದ: ಅಟ್ಟಣೆ, ಟೈಪು, ಮಾರ್ಕೆಟ್ಟಿನ ಡಬ್ಬ. ಏನನ್ನೂ ಮುಚ್ಚಿಡಲಿಲ್ಲ. ಬಾತಿನವನು ತೌಡು ಕಲಸುತ್ತ ಕೇಳಿದ. ಕೊನೆಗೆ ಕೈ ಕೊಡವಿಕೊಂಡು, "ಇಷ್ಟು ಹೇಳೋಕೆ ಇಷ್ಟು ದೂರ ಬಂದ್ರಾ? ನಿನ್ನೆ ನಾನು ಅಲ್ಲೇ ಇದ್ನಲ್ಲ ಸಾರ್, ನಾಲ್ಕು ಮೊಳ ದೂರದಲ್ಲಿ," ಎಂದ. ಗೆರೆಯ ಮೇಲೆ ಸಂಘ ತಕರಾರು ಹಾಕುತ್ತದೆ, ದೊಡ್ಡ ನೀರಿನ ಬಗ್ಗೆ ವಿಚಾರಣೆಯಲ್ಲಿ ಹೇಳುತ್ತೀಯಾ ಎಂದು ಕೇಳಿದಾಗ ಬೋಗುಣಿ ಎತ್ತಿಕೊಂಡು ಒಳಗೆ ಹೋದ. ಬಾಗಿಲು ಹಾಕಲಿಲ್ಲ. ಹಾಕಿದ್ದರೆ ಅವನು ಅಷ್ಟು ಹೊತ್ತು ಅಂಗಳದಲ್ಲಿ ನಿಂತಿರುತ್ತಿರಲಿಲ್ಲ.

ಗೆರೆಯ ಮೇಲೆ ತಕರಾರು ಸಲ್ಲಿಸಿದ್ದಕ್ಕೆ ಮೂರು ವಾರ ಬಿಟ್ಟು ವಿಚಾರಣೆ ಇಟ್ಟರು. ಸರ್ವೆ ಕಚೇರಿಯ ಮಹಡಿಯ ಕೋಣೆ. ಗೋಡೆಯ ತುಂಬ ಸುರುಳಿ ಸುತ್ತಿದ ನಕ್ಷೆಗಳು, ಫ್ಯಾನಿನ ಗಾಳಿಗೆ ಎದ್ದು ಬೀಳುವ ಕಾಗದಗಳ ಮೇಲೆ ಗುಂಡುಕಲ್ಲುಗಳು. ಒಂದು ಬದಿಯ ಬೆಂಚಿನಲ್ಲಿ ಸಂಘದವರು; ಹನ್ನೊಂದರಲ್ಲಿ ಆರೇ ಜನ, ಉಳಿದವರು ಒಬ್ಬರ ಮೇಲೊಬ್ಬರು ಗುಮಾನಿಪಟ್ಟು ಬಾರದೇ ಉಳಿದಿದ್ದರು. ಇನ್ನೊಂದು ಬದಿಯಲ್ಲಿ ಗೂಡಿನ ಮಾಲೀಕ, ಅವನ ವಕೀಲ. ಅವರ ಪಕ್ಕದಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಕೂತಿದ್ದವನು ಬಾತಿನವನು. ಅಧ್ಯಕ್ಷರು ಮೊಣಕೈಯಲ್ಲಿ ತಿವಿದು, "ನೋಡಿದ್ರಾ ಸಾರ್? ನಾನು ಅವತ್ತೇ ಹೇಳಿರ್ಲಿಲ್ವಾ?" ಎಂದರು. ಅವರ ದನಿಯಲ್ಲಿ ಗೆದ್ದ ಸಂತೋಷವಿತ್ತು. ಇಲ್ಲ, ಅವನನ್ನು ಅಲ್ಲಿಗೆ ಕಳಿಸಿದವರು ನಾವು, ನಾನು, ಎಂದು ಹೇಳಬೇಕೆನಿಸಿತು. ಆದರೆ ಹೇಳಿದರೆ ಮತ್ತೆ ಯಾರಾದರೂ ತನ್ನ ಕೈ ಹಿಡಿದುಕೊಂಡು ಕಣ್ಣೀರು ಹಾಕಿಯಾರು.

ಅಧಿಕಾರಿಣಿ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಚಾಪೆಯಕ್ಕನ ಮಾತನ್ನು ತಾಳ್ಮೆಯಿಂದ ಕೇಳಿದರು. ಅವಳು ನಿಂತು, ಮೆಟ್ಟಿಲು, ದೋಣಿ, ಹನ್ನೊಂದು ದಿನ, ಒಂದನ್ನೂ ಹೆಚ್ಚು ಕಡಿಮೆ ಮಾಡದೆ ಹೇಳಿದಳು. "ಒಬ್ಬರ ನೆನಪಿನ ಮೇಲೆ ಗೆರೆ ಎಳೆಯೋಕಾಗಲ್ಲಮ್ಮ," ಎಂದರು ಅಧಿಕಾರಿಣಿ. "ಆ ಕಾಲದ ದಾಖಲೆ ನಮ್ಮಲ್ಲೂ ಇಲ್ಲ. ನೋಡಿದವರು ಇನ್ಯಾರಾದ್ರೂ ಇದಾರಾ?" ಚಾಪೆಯಕ್ಕ ಎದುರು ಬೆಂಚಿನ ಕಡೆ ಕೈ ತೋರಿಸಿದಳು. ಬಾತಿನವನು ಎದ್ದ. ಅವಳನ್ನು ನೋಡಲಿಲ್ಲ, ರಿಜಿಸ್ಟರ್ ಸಾರನ್ನು ನೋಡಿದ, ಅವತ್ತು ಶೆಡ್ಡಿನಲ್ಲಿ ನೋಡಿದಷ್ಟೇ ಹೊತ್ತು. "ನೆನಪಿಲ್ಲ ಮೇಡಂ. ಚಿಕ್ಕವನಿದ್ದೆ," ಎಂದು ಕೂತ. ಗೂಡಿನ ಮಾಲೀಕ ಕರ್ಚೀಫು ತೆಗೆದು ಕತ್ತು ಒರೆಸಿಕೊಂಡ. ಅಧಿಕಾರಿಣಿ ಫೈಲಿನ ಹಾಳೆ ತಿರುವಿದರು.

"ನಾನು ನೋಡಿದೀನಿ."

ತನ್ನ ದನಿ ಬೇರೆಲ್ಲಿಂದಲೋ ಬಂದಂತೆ ಕೇಳಿಸಿತು. ರಿಜಿಸ್ಟರ್ ಸಾರ್ ಎದ್ದು ನಿಂತಿದ್ದ. ನೀವು ಆಗ ಎಲ್ಲಿದ್ದಿರಿ ಎಂದು ಕೇಳಿದರು. ಕಾಲೇಜಿನಲ್ಲಿ ಓದುತ್ತಿದ್ದೆ, ರಜೆಯಲ್ಲಿ ಗೆಳೆಯನ ಜೊತೆ ಹಕ್ಕಿ ನೋಡಲು ಬಂದಿದ್ದೆ ಎಂದ. ಆ ವರ್ಷ ಅವನಿಗೆ ಕಾಮಾಲೆಯಾಗಿತ್ತು. ಇಲ್ಲಿಂದ ಒಂದು ಇಡೀ ರಾತ್ರಿಯ ರೈಲು ಪ್ರಯಾಣದಷ್ಟು ದೂರದ ಊರಿನಲ್ಲಿ, ಅಮ್ಮ ಹಾಸಿಕೊಟ್ಟ ಹಾಸಿಗೆಯ ಮೇಲೆ ಬಿದ್ದುಕೊಂಡು, ಎರಡು ತಿಂಗಳು ಒಂದೇ ಕಿಟಕಿಯನ್ನು ನೋಡಿದ್ದ. ಆದರೆ ಮಾತು ಶುರುವಾದ ಮೇಲೆ ಗೂಡು ತಾನಾಗಿಯೇ ಕಣ್ಣ ಮುಂದೆ ಎದ್ದಿತು. ಮೂರನೆಯ ಮೆಟ್ಟಿಲಿಗೆ ನೀರು. ದೋಣಿ. ಗೂಡಿನ ತಲೆಯ ಮೇಲೆ ಬಾತುಗಳು, ಅವನ್ನು ಒಂದೊಂದಾಗಿ ಇಳಿಸುತ್ತಿದ್ದ ಪುಟ್ಟ ಹುಡುಗ. ಆ ಮಾತಿಗೆ ಎದುರು ಬೆಂಚಿನಲ್ಲಿ ಒಂದು ತಲೆ ತಗ್ಗಿತು. ಸುಟ್ಟ ಇಟ್ಟಿಗೆ ನೀರಿನಲ್ಲಿ ಬುಸುಗುಟ್ಟುವುದು ಎಂದೂ ಹೇಳಿದ, ಹೇಳುತ್ತ ಹೇಳುತ್ತ ಅದು ಕೇಳಿಸಿತು ಕೂಡ. "ನಿಮ್ಮದೇ ರಿಜಿಸ್ಟರಿನಲ್ಲಿ ಇದ್ಯಾಕಿಲ್ಲ?" ಎಂದು ವಕೀಲ ಚುಚ್ಚಿದ. "ರಿಜಿಸ್ಟರು ಶುರುವಾಗಿ ಒಂಬತ್ತು ವರ್ಷ. ನೀರು ಅದಕ್ಕೂ ಮುಂಚೆಯಿಂದ ಇದೆ," ಎಂದ. ಗುಮಾಸ್ತ ಟೈಪು ಮಾಡಿದ. ಕೆಳಗೆ ಸಹಿ ಹಾಕಬೇಕಿತ್ತು. ಹಾಕಿದ, ಪೂರ್ತಿ ಹೆಸರು, ತಾರೀಖು ಸಮೇತ.

ಊಟದ ಹೊತ್ತಿಗೆ ಆದೇಶ ಬಂತು. ಎರಡು ಮಳೆಗಾಲದ ನೀರನ್ನು ಕಚೇರಿಯವರೇ ನಿಂತು ನೋಡುವವರೆಗೆ ಗೆರೆ ಅಂತಿಮವಲ್ಲ. ಮೋರಿಯ ಆಚೆ ಒಂದು ಬುಟ್ಟಿ ಮಣ್ಣೂ ಬೀಳುವಂತಿಲ್ಲ. ಮೆಟ್ಟಿಲು ಇಳಿಯುವಾಗ ಅಧ್ಯಕ್ಷರಿಗೆ ಕಾಲು ನೆಲದ ಮೇಲಿರಲಿಲ್ಲ. "ಇಷ್ಟು ವರ್ಷ ನೀವು ಇದನ್ನ ಹೇಳ್ಲೇ ಇಲ್ವಲ್ಲ ಸಾರ್! ನಮ್ಮ ಊರಿಗೆ ಮುಂಚೆನೇ ಬಂದಿದ್ರಿ ಅಂತ ಒಂದು ಮಾತೂ ಆಡ್ಲಿಲ್ಲ!" ಎಂದರು. ನಕ್ಕೇ ಹೇಳಿದರು, ಆದರೆ ಹೇಳಿ ಮುಗಿಸಿದ ಮೇಲೂ ಅವರ ಕಣ್ಣು ಅವನ ಮುಖದ ಮೇಲೆ ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚು ನಿಂತಿತು. ನಲವತ್ತು ವರ್ಷ ಲಕೋಟೆಗಳ ಮೇಲಿನ ಮುದ್ರೆ ನೋಡಿದ ಕಣ್ಣು.

ಬಸ್ ಸ್ಟಾಪಿನ ಕಲ್ಲುಬೆಂಚಿನಲ್ಲಿ ಚಾಪೆಯಕ್ಕ ಒಬ್ಬಳೇ ಕೂತಿದ್ದಳು. ಉಳಿದವರು ಎದುರಿನ ಹೋಟೆಲಿಗೆ ಹೋಗಿದ್ದರು. ಅವನು ಸ್ವಲ್ಪ ದೂರ ಬಿಟ್ಟು ಕೂತ. ಅವಳು ಏನಾದರೂ ಒಳ್ಳೆಯ ಮಾತು ಆಡುತ್ತಾಳೆ ಎಂದು, ಹೌದು, ಕಾಯುತ್ತಿದ್ದ.

"ಆ ವರ್ಷ ನೀವು ಇಲ್ಲಿದ್ರಾ ಸಾರ್?"

"ಇಲ್ಲ ಅಕ್ಕ."

"ಮತ್ತೆ?"

"ಸುಳ್ಳು ಹೇಳ್ದೆ."

ಅವಳು ತಲೆಯಾಡಿಸಿದಳು. ಎದುರಿನ ಹೋಟೆಲಿನಿಂದ ಅಧ್ಯಕ್ಷರ ನಗು ರಸ್ತೆ ದಾಟಿ ಬಂತು. ಬೈಯುವ ದನಿಯಲ್ಲೂ ಅಲ್ಲ, ಅಳುವ ದನಿಯಲ್ಲೂ ಅಲ್ಲ, ಎರಡು ಹುಲ್ಲಿನ ಉದ್ದ ಹೋಲಿಸಿ ನೋಡುವವಳಂತೆ ಹೇಳಿದಳು: "ನಾನು ಸುಳ್ಳು ಹೇಳಿರ್ಲಿಲ್ಲ. ಈಗ ನನ್ನ ಮಾತೂ ನಿಮ್ಮ ಮಾತೂ ಒಂದೇ ಕಾಗದದಲ್ಲಿ ಕೂತಿವೆ. ನಾಳೆ ಯಾರಾದ್ರೂ ನಿಮ್ಮನ್ನ ಹಿಡಿದ್ರೆ, ನಂದನ್ನೂ ಸೇರಿಸೇ ಹರೀತಾರೆ."

ಬಸ್ಸು ಬಂದು ನಿಂತಿತು. ಅವಳು ಚೀಲ ಹೆಗಲಿಗೇರಿಸಿ ಹತ್ತಿದಳು, ಕಿಟಕಿಯ ಪಕ್ಕ ಕೂತಳು, ಮುಂದೆ ನೋಡಿದಳು. ಅವನು ಕೈ ಎತ್ತಿದ. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಬೀಸಿದ.